ಕೇರೆಹಾವಿಗೆ ಕೆನ್ನೆಯಿಲ್ಲ

ನೇಸರಗಿಯಿಂದ ಯರಗಟ್ಟಿ, ರಾಮದುರ್ಗದ ಕಡೆ ಹೊರಟರೂ ಸರಿ, ಬೈಲಹೊಂಗಲ ದಾಟಿ ಕಿತ್ತೂರಿನ ಕಡೆ ಇಳಿದರೂ ಸರಿ, ದನದ ಕೊಟ್ಟಿಗೆಯಿಲ್ಲದ ಊರು ಸಿಗುವುದಿಲ್ಲ. ಇಲ್ಲಿಯವರ ಪಶುಜ್ಞಾನ ದೊಡ್ಡದು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ "ಎರಡಹಲ್ಲಿಂದು, ನಾಕಹಲ್ಲಿಂದು, ಬಾಯಿಗೂಡೇತಿ" ಎಂದು ವಯಸ್ಸು ಹೇಳುವವರನ್ನು ನೋಡಿ. ಎರಡು ಹಲ್ಲಾದರೆ ಎರಡು ವರ್ಷ ದಾಟಿದೆ, ಬಾಯಿಗೂಡಿದರೆ ಐದರ ಆಸುಪಾಸು. ಈ ಲೆಕ್ಕ ನಿಂತಿರುವುದೇ ಸಸ್ತನಿಗಳ ಒಂದು ಮೂಲಗುಣದ ಮೇಲೆ. ಹಲ್ಲಿ, ಮೊಸಳೆಗಳಿಗೆ ಹಲ್ಲು ಬಿದ್ದಂತೆಲ್ಲ ಹೊಸದು ಹುಟ್ಟುತ್ತಲೇ ಇರುತ್ತದೆ. ಬಹುತೇಕ ಸಸ್ತನಿಗಳಿಗೆ ಹಾಲುಹಲ್ಲು ಒಮ್ಮೆ, ಶಾಶ್ವತ ಹಲ್ಲು ಒಮ್ಮೆ, ಅಷ್ಟೇ. ಹುಟ್ಟಿದ ಮರಿಗೆ ಹಾಲು ಸಿಗುವುದರಿಂದ ದವಡೆ ಸಾಕಷ್ಟು ಬೆಳೆಯುವ ತನಕ ಪೂರ್ಣ ಹಲ್ಲಿನ ಅಗತ್ಯವೇ ಬೀಳುವುದಿಲ್ಲ.

ಇಷ್ಟು ತಿಳಿದ ಸೀಮೆಯಲ್ಲೇ ಕೆಲವು ತಪ್ಪು ಕಲ್ಪನೆಗಳೂ ತಲೆಮಾರುಗಳಿಂದ ಉಳಿದುಕೊಂಡಿವೆ. ಕೆಲವು ನಿರುಪದ್ರವಿ. ಕೆಲವಕ್ಕೆ ಕರುಗಳು, ಹಾವುಗಳು, ಬಾವಲಿಗಳು ಜೀವ ತೆರುತ್ತಿವೆ. ಬರೆಯಲೇಬೇಕು ಅನ್ನಿಸಿದ್ದು ಆ ಎರಡನೆಯ ಬಗೆಯವುಗಳಿಗಾಗಿ.

"ಕೇರಿ ಹಾವು ಆಕಳ ಕಾಲಿಗೆ ಸುತ್ತಗೊಂಡು ಹಾಲು ಕುಡೀತೈತಿ"

ಬೆಳಿಗ್ಗೆ ಹಿಂಡಲು ಕೂತಾಗ ಹಾಲು ಕಡಿಮೆಯಾದರೆ, ಮೊಲೆತೊಟ್ಟು ಸೀಳಿದ್ದರೆ, ಮೊದಲ ಆರೋಪ ಕೇರೆಹಾವಿನ ಮೇಲೆ. ಕೊಟ್ಟಿಗೆಯ ಹತ್ತಿರ ಅದು ಕಾಣಿಸುವುದೂ ನಿಜ. ಆದರೆ ಬರುವುದು ಇಲಿಗಾಗಿ.

ಹಾಲು ಹೀರುವುದು ಸುಲಭದ ಕೆಲಸವೆಂದು ನಾವು ಭಾವಿಸುತ್ತೇವೆ. ಅದಕ್ಕೆ ಬೇಕಾದ ಅಂಗಗಳನ್ನು ಎಣಿಸಿ. ತೊಟ್ಟನ್ನು ಸುತ್ತ ಹಿಡಿದು ಗಾಳಿ ಒಳಬರದಂತೆ ಮುಚ್ಚುವ ಮಾಂಸಲ ತುಟಿ ಬೇಕು, ಸ್ನಾಯುಗಳಿರುವ ಕೆನ್ನೆ ಬೇಕು, ತೊಟ್ಟನ್ನು ಮೇಲಕ್ಕೆ ಒತ್ತಿ ಹಿಂದಕ್ಕೆ ಜಗ್ಗುವ ದಪ್ಪ ನಾಲಿಗೆ ಬೇಕು. ಬಾಯಿಯನ್ನೂ ಮೂಗಿನ ದಾರಿಯನ್ನೂ ಬೇರ್ಪಡಿಸುವ ಅಂಗಳ ಬೇಕು. ಇವೆಲ್ಲ ಸೇರಿದರೆ ಮಾತ್ರ ಬಾಯೊಳಗೆ ಒತ್ತಡ ಇಳಿದು ಹಾಲು ಹರಿದು ಬರುತ್ತದೆ. ಕರು, ಕುರಿಮರಿ, ನಮ್ಮ ಮಗು, ಎಲ್ಲಕ್ಕೂ ಈ ಸಲಕರಣೆ ಹುಟ್ಟಿನಿಂದಲೇ ಇದೆ.

ಹಾವಿಗೆ ಕೆನ್ನೆಯಿಲ್ಲ, ಮಾಂಸಲ ತುಟಿಯಿಲ್ಲ. ಸೀಳಿದ ತೆಳ್ಳನೆಯ ನಾಲಿಗೆ ವಾಸನೆ ಹಿಡಿಯಲಿಕ್ಕಿರುವುದು. ಹಲ್ಲುಗಳೆಲ್ಲ ಗಂಟಲಿನ ಕಡೆ ಬಾಗಿದ ಸೂಜಿಗಳು, ಹಿಡಿದದ್ದು ಜಾರದಿರಲೆಂದು. ಅಂಥ ಬಾಯಿ ಮೊಲೆತೊಟ್ಟಿಗೆ ಬಿದ್ದರೆ ಯಾವ ಆಕಳೂ ಸುಮ್ಮನೆ ನಿಲ್ಲುವುದಿಲ್ಲ. ಹಾಲನ್ನು ಅರಗಿಸಿಕೊಳ್ಳಲು ಬೇಕಾದ ಜೀರ್ಣರಸಗಳೂ ಹಾವಿನ ಹೊಟ್ಟೆಯಲ್ಲಿಲ್ಲ. ಪಂಚಮಿಯ ದಿನ ಬುಟ್ಟಿಯಲ್ಲಿ ಬಂದ ನಾಗರಹಾವು ಹಾಲಿಗೆ ಬಾಯಿ ಹಾಕಿದ್ದನ್ನು ನೋಡಿದವರು ಇದ್ದಾರೆ. ದಿನಗಟ್ಟಲೆ ನೀರಿಲ್ಲದೆ ಇಟ್ಟ ಹಾವು ಯಾವ ದ್ರವ ಇಟ್ಟರೂ ಕುಡಿಯುತ್ತದೆ. ಆ ಹಾಲು ಶ್ವಾಸನಾಳಕ್ಕೆ ಹೋಗಿ ಹಾವು ಸಾಯುವುದುಂಟು. ಪಂಚಮಿಯ ಹಾಲನ್ನು ಹುತ್ತಕ್ಕೆ ಎರೆಯದೆ ಮಕ್ಕಳಿಗೆ ಕುಡಿಸುವ ಕಾರ್ಯಕ್ರಮಗಳು ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ನಡೆಯುತ್ತಿವೆ. ಹೀರುವ ಬಾಯಿ ಯಾರಿಗಿದೆಯೋ ಅವರಿಗೇ ಹಾಲು ಸೇರುತ್ತಿದೆ ಎಂದು ನನಗೆ ಅದು ಮೆಚ್ಚಿಗೆ.

ಹಾಲು ಕಡಿಮೆಯಾಗಿ ತೊಟ್ಟು ಬಿರಿದಿದ್ದರೆ ನೋಡಬೇಕಾದದ್ದು ಕೆಚ್ಚಲು ಬಾವು. ಕೆಚ್ಚಲು ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಒಳಗೆ ನಾಲ್ಕು ಪ್ರತ್ಯೇಕ ಭಾಗಗಳಿವೆ. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಅದಕ್ಕೇ ಒಂದೇ ಮೊಲೆಯಲ್ಲಿ ಹೆಪ್ಪುಗಟ್ಟಿದ ಹಾಲು ಬಂದು ಉಳಿದ ಮೂರು ಸರಿಯಾಗಿರುವುದು ಸಾಧ್ಯ. ಹಿಂಡುವವರ ಕೈ ಮತ್ತು ನೆಲದ ಸಗಣಿಯಿಂದ ಹತ್ತುವ ಸೋಂಕು ಅದು. ಹಾವನ್ನು ಕೊಂದರೆ ಸೋಂಕು ಹೋಗುವುದಿಲ್ಲ, ಇಲಿ ಮಾತ್ರ ಹೆಚ್ಚುತ್ತದೆ.

"ಆಕಳ ಹಾಲು ಏರಿಸ್ಕೊಂಡೈತಿ"

ಹೊಸಬರು ಹಿಂಡಲು ಕೂತರೆ, ನಾಯಿ ಬೊಗಳಿದರೆ, ಬೆತ್ತದ ಏಟು ಬಿದ್ದರೆ ಹಾಲು ಬರುವುದಿಲ್ಲ. ಆಕಳು ಹಟದಿಂದ ಹಾಲನ್ನು ಬೆನ್ನಿಗೆ ಏರಿಸಿಕೊಂಡಿತು ಎನ್ನುತ್ತಾರೆ. ಹಾಲು ಎಲ್ಲಿಗೂ ಏರುವುದಿಲ್ಲ. ಅದು ಕೆಚ್ಚಲಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಕೂತಿರುತ್ತದೆ. ಕರು ಗುದ್ದಿದಾಗ, ಕೈ ಸವರಿದಾಗ ಮಿದುಳಿನ ಬುಡದಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು, ಆ ಗುಳ್ಳೆಗಳನ್ನು ಸುತ್ತಿರುವ ಎಳೆಗಳು ಹಿಂಡಿಕೊಳ್ಳುತ್ತವೆ. ನಮ್ಮವರು ತೊರೆ ಬಿಡುವುದು ಎನ್ನುವುದು ಇದಕ್ಕೇ. ಹೆದರಿದ ಆಕಳಿನಲ್ಲಿ ಅಡ್ರಿನಲಿನ್ ಏರಿ ಈ ಕೆಲಸವನ್ನು ತಡೆಯುತ್ತದೆ. ತೊರೆಯ ಅವಧಿ ಕೆಲವೇ ನಿಮಿಷ; ನಡುವೆ ಎದ್ದು ಹೋಗಿ ಮತ್ತೆ ಕೂತರೆ ಉಳಿದ ಹಾಲು ಸಿಗುವುದಿಲ್ಲ. ಆಕ್ಸಿಟೋಸಿನ್ ಸೂಜಿ ಹಾಕಿದರೆ ಹಾಲು ಹೆಚ್ಚು ಹುಟ್ಟುತ್ತದೆ ಎಂಬುದೂ ತಪ್ಪು. ಇದ್ದ ಹಾಲನ್ನು ಅದು ಹೊರದೂಡುತ್ತದೆ, ಅಷ್ಟೇ. ಹುಟ್ಟಿಸುವ ಕೆಲಸ ಮೇವಿನದು, ರಕ್ತದ್ದು. ಒಂದು ಲೀಟರ್ ಹಾಲಿಗೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು.

"ಕಸ ಬೀಳೂತನಾ ಕರಕ್ಕ ಗಿಣ್ಣದ ಹಾಲು ಬಿಡಬಾರ್ದು"

ಈ ಬರಹದಲ್ಲಿ ಒಂದನ್ನೇ ಓದಿ ಉಳಿದದ್ದನ್ನು ಬಿಡುವವರು ಇದನ್ನು ಓದಲಿ.

ಆಕಳು ಈದ ಮೇಲೆ ಕಸ, ಅಂದರೆ ಮಾಸು, ಬೀಳಲು ಕೆಲವು ತಾಸು ಬೇಕು; 8ರಿಂದ 12 ತಾಸು ಹಿಡಿದರೂ ಅದು ಸಹಜವೇ. ಅಲ್ಲಿಯವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದು, ಬಿಟ್ಟರೆ ಕಸ ಬೀಳುವುದಿಲ್ಲ, ಗಟ್ಟಿ ಹಾಲು ಕರುವಿಗೆ ಜಡವಾಗಿ ಉಚ್ಚುತ್ತದೆ ಎಂಬ ನಂಬಿಕೆ ಹಳ್ಳಿಹಳ್ಳಿಯಲ್ಲೂ ಇದೆ. ಹಾಗೆ ಹಿಂಡಿ ತೆಗೆದ ಹಾಲು ಬೆಲ್ಲ, ಯಾಲಕ್ಕಿ ಸೇರಿ ಗಿಣ್ಣವಾಗಿ ಓಣಿಯ ಮನೆಮನೆಗೆ ಹೋಗುತ್ತದೆ.

ಮನುಷ್ಯರ ಗರ್ಭದಲ್ಲಿ ತಾಯಿಯ ರೋಗನಿರೋಧಕಗಳು ಮಾಸಿನ ಮೂಲಕವೇ ಮಗುವಿಗೆ ದಾಟುತ್ತವೆ. ಆಕಳು, ಎಮ್ಮೆ, ಆಡು, ಕುರಿಗಳಲ್ಲಿ ಮಾಸಿನ ರಚನೆ ಬೇರೆ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಪದರಗಳು ಹೆಚ್ಚು, ರೋಗನಿರೋಧಕಗಳು ದಾಟಲಾರವು. ಕರು ಹುಟ್ಟುವಾಗ ಬಹುಮಟ್ಟಿಗೆ ನಿರಾಯುಧ. ತಾಯಿ ಆ ಆಯುಧಗಳನ್ನೆಲ್ಲ ಗಿಣ್ಣದ ಹಾಲಿನಲ್ಲಿ ಇಟ್ಟಿರುತ್ತದೆ. ಕರುವಿನ ಕರುಳು ಆ ದೊಡ್ಡ ಪ್ರೋಟೀನುಗಳನ್ನು ಇದ್ದಂತೆಯೇ ರಕ್ತಕ್ಕೆ ಬಿಡುವುದು ಹುಟ್ಟಿದ ಮೊದಲ ತಾಸುಗಳಲ್ಲಿ ಮಾತ್ರ. ಆರು ತಾಸು ಕಳೆದರೆ ಆ ಶಕ್ತಿ ಕುಗ್ಗುತ್ತದೆ, ಒಂದು ದಿನಕ್ಕೆ ಬಾಗಿಲು ಮುಚ್ಚಿಯೇ ಹೋಗುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಅದು ಆಹಾರ ಮಾತ್ರ.

ಕಸ ಬೀಳಲೆಂದು ಕಾಯುತ್ತ ಕಳೆಯುವುದು ಸರಿಯಾಗಿ ಆ ತಾಸುಗಳನ್ನೇ. ಕಾಯುವುದಕ್ಕೆ ಕೊಡುವ ಕಾರಣವೂ ತಲೆಕೆಳಗಾಗಿದೆ: ಕರು ಚೀಪಿದಾಗ ಇಳಿಯುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಹಿಂಡಿಸುತ್ತದೆ, ಕಸ ಬೀಳಲು ನೆರವಾಗುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣದ ಹಾಲು ಅದಕ್ಕೆ ಬೇಕು. 25 ಕಿಲೋ ಕರುವಾದರೆ ಎರಡೂವರೆ ಲೀಟರ್, ಮೊದಲ ಪಾಲು ಎರಡು ತಾಸಿನೊಳಗೆ. ಅದು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದರಲ್ಲಿ ಗಿಣ್ಣ ಕಾಸಿಕೊಳ್ಳಿ. ಮೊದಲ ತಿಂಗಳಲ್ಲಿ ಉಚ್ಚಿಕೊಂಡು, ಕೆಮ್ಮಿ ಸಾಯುವ ಎಷ್ಟೋ ಎಮ್ಮೆಗರುಗಳ ಸಾವು ಹುಟ್ಟಿದ ದಿನವೇ ನಿರ್ಧಾರವಾಗಿರುತ್ತದೆ. ಗಂಡುಗರುವಾದರಂತೂ ಕುಡಿಸುವ ಆಸ್ಥೆಯೇ ಇರುವುದಿಲ್ಲ, ಅದು ನೋವಿನ ಸಂಗತಿ.

"ಹಾಲುಜ್ವರ ಬಂದೈತಿ, ಜ್ವರದ ಗುಳಗಿ ಹಾಕ್ರಿ"

ಈದ ಎರಡು ಮೂರು ದಿನದೊಳಗೆ ಹೆಚ್ಚು ಹಾಲಿನ ಆಕಳು ಕುಸಿದು ಕೂತು, ಕತ್ತು ಹೊರಳಿಸಿ ಪಕ್ಕೆಗೆ ಇಟ್ಟುಕೊಂಡರೆ ಕಿವಿ ಮುಟ್ಟಿ ನೋಡಿ. ತಣ್ಣಗಿರುತ್ತದೆ. ಆರೋಗ್ಯವಂತ ಆಕಳ ಮೈಶಾಖ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಇಲ್ಲಿ ಅದು ಏರಿರುವುದಿಲ್ಲ, ಇಳಿದಿರುತ್ತದೆ. ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಹಾಲಿಗೆ ಹರಿದು, ಸ್ನಾಯುಗಳು ಕೆಲಸ ನಿಲ್ಲಿಸಿವೆ. ಜ್ವರದ ಗುಳಿಗೆಯಿಂದ ಉಪಯೋಗವಿಲ್ಲ. ಪಶುವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬೇಗನೆ ಎದ್ದು ನಿಲ್ಲುವುದುಂಟು. ತಡಮಾಡಿದರೆ ಹೃದಯವೂ ನಿಲ್ಲಬಹುದು, ಅದೂ ಸ್ನಾಯುವೇ.

"ದನಕ್ಕ ನಾಕ ಹೊಟ್ಟಿ, ಏನ್ ಹಾಕಿದ್ರೂ ಅರಗತೈತಿ"

ಹೊಟ್ಟೆ ಒಂದೇ, ಕೋಣೆಗಳು ನಾಲ್ಕು. ತಪ್ಪಿನ ಮೊದಲ ಅರ್ಧ ಸಣ್ಣದು, ಎರಡನೆಯ ಅರ್ಧವೇ ಅಪಾಯ.

ಮೊದಲ ಕೋಣೆ ರೂಮೆನ್. ದೊಡ್ಡ ಆಕಳಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುವ ಇದು ಒಂದು ಹುದುಗುವ ಹಗೇವು. ಕಣಿಕೆಯ ನಾರನ್ನು ಅರಗಿಸುವ ರಸ ಯಾವ ಸಸ್ತನಿಯ ದೇಹದಲ್ಲೂ ತಯಾರಾಗುವುದಿಲ್ಲ. ಆ ಕೆಲಸ ಮಾಡುವುದು ರೂಮೆನ್‌ನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ, ಏಕಕೋಶ ಜೀವಿ, ಶಿಲೀಂಧ್ರಗಳು. ಅವು ನಾರನ್ನು ಒಡೆದು ಆಮ್ಲಗಳನ್ನಾಗಿ ಮಾಡುತ್ತವೆ. ಆಕಳಿನ ಶಕ್ತಿಯ ಬಹುಪಾಲು ಆ ಆಮ್ಲಗಳಿಂದ. ಮುಂದೆ ಅದೇ ಸೂಕ್ಷ್ಮಜೀವಿಗಳು ನಾಲ್ಕನೇ ಕೋಣೆಗೆ ಜಾರಿ ಸತ್ತು ಆಕಳಿಗೆ ಪ್ರೋಟೀನಾಗುತ್ತವೆ. ಮೆಲುಕು ಹಾಕುತ್ತ ಕೂತ ದನದ ಬಾಯಲ್ಲಿ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ಜೊಲ್ಲು ಊರುತ್ತದೆ. ಅದರಲ್ಲಿರುವ ಕ್ಷಾರವೇ ರೂಮೆನ್ ಹುಳಿಯಾಗದಂತೆ ಕಾಯುವುದು.

ಸುಗ್ಗಿಯಲ್ಲಿ ಹಗ್ಗ ಕಿತ್ತ ಎತ್ತು ಕಣಕ್ಕೆ ನುಗ್ಗಿ ಜೋಳದ ರಾಶಿ ಮೇಯ್ದರೆ, ಅಥವಾ ಮದುವೆಯಲ್ಲಿ ಉಳಿದ ಅನ್ನ, ಗೋಧಿ ಹುಗ್ಗಿಯನ್ನು "ಪುಣ್ಯ ಬರಲಿ" ಎಂದು ಗ್ವಾದಲಿಗೆ ಸುರಿದರೆ ಏನಾಗುತ್ತದೆ? ಪಿಷ್ಟ ಒಮ್ಮೆಲೇ ಸಿಕ್ಕಾಗ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಉಕ್ಕೇರಿ, ನಾರು ಒಡೆಯುವವು ಸಾಯುತ್ತವೆ. ರೂಮೆನ್ ಹುಳಿಯಾಗಿ, ರಕ್ತ ಹುಳಿಯಾಗಿ ಒಂದೆರಡು ದಿನದಲ್ಲಿ ದನ ಬೀಳುತ್ತದೆ. ಹೊಲದಲ್ಲಿ ತರುಬಿದ ಕುರಿಗಳು ಬಿದ್ದ ತೆನೆ ತಿಂದು ಸಾಯುವುದಕ್ಕೂ ಅನೇಕ ಸಲ ಇದೇ ಕಾರಣ. ಮಳೆಯಿಲ್ಲದೆ ಕುಗ್ಗಿದ ಎಳೆಯ ಜೋಳ, ಕೊಯ್ದ ಮೇಲೆ ಚಿಗುರಿದ ಕುಳೆ ಇನ್ನೂ ಕೆಟ್ಟದ್ದು. ಅದರಲ್ಲಿನ ಸಯನೈಡ್ ಹುಟ್ಟಿಸುವ ವಸ್ತುವನ್ನು ರೂಮೆನ್‌ನ ಸೂಕ್ಷ್ಮಜೀವಿಗಳೇ ಚುರುಕಾಗಿ ಒಡೆದು ವಿಷ ಬಿಡಿಸುತ್ತವೆ. ಒಂದೇ ಕೋಣೆಯ ಹೊಟ್ಟೆಯಿರುವ ಕುದುರೆಗಿಂತ ಆಕಳು ಈ ವಿಷಕ್ಕೆ ಬೇಗ ಬಲಿಯಾಗುವುದು ಇದರಿಂದಲೇ.

ಎರಡನೇ ಕೋಣೆ ರೆಟಿಕ್ಯುಲಮ್. ದನ ಅಗಿಯದೆ ನುಂಗುವುದರಿಂದ ತಂತಿ, ಮೊಳೆಗಳು ಇಲ್ಲಿ ತಂಗುತ್ತವೆ. ಇದರ ಗೋಡೆಗೆ ತಾಗಿಕೊಂಡೇ ವಪೆ ಇದೆ. ಎದೆಯನ್ನೂ ಹೊಟ್ಟೆಯನ್ನೂ ಬೇರೆ ಮಾಡಿ ಉಸಿರೆಳೆಯುವ ಈ ಸ್ನಾಯುಪರದೆ ಸಸ್ತನಿಗಳ ವಿಶೇಷ ಸ್ವತ್ತು. ಪರದೆಯ ಆಚೆಗೇ ಹೃದಯ. ಆಕಳು ಕೆಮ್ಮಿದಾಗ, ಗಬ್ಬ ಬೆಳೆದು ಒತ್ತಿದಾಗ ತಂತಿ ವಪೆ ಸೀಳಿ ಹೃದಯದ ಚೀಲಕ್ಕೆ ನಾಟುತ್ತದೆ. ಹೊಸ ಮನೆ ಕಟ್ಟುವ ಜಾಗದ ಹತ್ತಿರ ದನ ಕಟ್ಟುವವರು ನೆನಪಿಡಬೇಕಾದ ಮಾತಿದು.

ಮೂರನೇ ಕೋಣೆ ನೀರು ಹೀರುತ್ತದೆ. ನಾಲ್ಕನೆಯದೇ ನಮ್ಮ ಜಠರಕ್ಕೆ ಸಮ. ಎಳೆಗರುವಿಗೆ ದೊಡ್ಡದಿರುವುದು ಈ ನಾಲ್ಕನೆಯದೇ. ಚೀಪುವಾಗ ಅನ್ನನಾಳದ ಕೆಳಗೆ ಒಂದು ತೋಡು ಮುಚ್ಚಿಕೊಂಡು ಹಾಲು ರೂಮೆನ್ ತಪ್ಪಿಸಿ ನೇರ ಅಲ್ಲಿಗೆ ಇಳಿಯುತ್ತದೆ.

ಹೊಟ್ಟೆ ಉಬ್ಬರವಾದಾಗ ನಾಲಿಗೆ ಜಗ್ಗಿ, ಗೊಟ್ಟದಲ್ಲಿ ಎಣ್ಣೆ ಸುರಿಯುವ ರೂಢಿಯೂ ಇದೆ. ಗಂಟಲಿನಲ್ಲಿ ಗಾಳಿಯ ದಾರಿ, ಮೇವಿನ ದಾರಿ ಎರಡೂ ಕೂಡಿವೆ. ನುಂಗುವಾಗ ನಾಲಿಗೆ ಹಿಂದೆ ಸರಿದರೆ ಮಾತ್ರ ಶ್ವಾಸನಾಳ ಮುಚ್ಚುತ್ತದೆ. ನಾಲಿಗೆಯನ್ನೇ ಹೊರಗೆ ಜಗ್ಗಿ ಹಿಡಿದರೆ ಎಣ್ಣೆ ಪುಪ್ಪುಸಕ್ಕೆ ಹೋಗುತ್ತದೆ. ನಾಲಿಗೆ ಬಿಟ್ಟು, ತಲೆ ತೀರ ಎತ್ತದೆ, ಸ್ವಲ್ಪ ಸ್ವಲ್ಪ ಹಾಕಬೇಕು.

"ಆಕಳ ಆಕ್ಸಿಜನ್ ಬಿಡತೈತಿ"

ಇದು ಈಚಿನ ಕಲ್ಪನೆ, ಮೊಬೈಲಿನಲ್ಲಿ ಬಂದದ್ದು. ಆಮ್ಲಜನಕವನ್ನು ಒಳಗೆ ತೆಗೆದುಕೊಂಡು ಇಂಗಾಲದ ಡೈ ಆಕ್ಸೈಡ್ ಹೊರಬಿಡುವುದು ಎಲ್ಲ ಸಸ್ತನಿಗಳ ಬದುಕಿನ ದಾರಿ. ನಾವು ಎಳೆದ ಗಾಳಿಯಲ್ಲಿ ಆಮ್ಲಜನಕ ಶೇ 21, ಬಿಟ್ಟದ್ದರಲ್ಲಿ ಸುಮಾರು 16. ಆಕಳ ಉಸಿರಿನಲ್ಲೂ ಉಳಿದ ಆಮ್ಲಜನಕವಿರುತ್ತದೆ. ಅದು ಆಕಳು ತಯಾರಿಸಿದ್ದಲ್ಲ. ರೂಮೆನ್‌ನಿಂದ ತೇಗಿನಲ್ಲಿ ಮೀಥೇನ್ ಕೂಡ ಬರುತ್ತದೆ. ಆಕಳನ್ನು ಗೌರವಿಸಲು ಅದರ ಪುಪ್ಪುಸಕ್ಕೆ ಇಲ್ಲದ ಗುಣ ಕಟ್ಟಬೇಕಾಗಿಲ್ಲ.

ಕೋಣನ ಮುಂದೆ ಕಿನ್ನರಿ

ಗಾದೆ ಮನುಷ್ಯರ ಬಗ್ಗೆ ಹೇಳಿದ್ದು ಇರಬಹುದು, ಆದರೆ ಎಮ್ಮೆ, ಕೋಣಗಳನ್ನು ಜಡಪ್ರಾಣಿ ಎಂದು ನಾವು ನಂಬಿಬಿಟ್ಟಿದ್ದೇವೆ. ಸಸ್ತನಿಗಳ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳಿವೆ. ಹಕ್ಕಿಗೆ, ಹಲ್ಲಿಗೆ ಒಂದೇ. ಸಸ್ತನಿಗಳ ಪೂರ್ವಜರಲ್ಲಿ ದವಡೆಯ ಕೀಲಾಗಿದ್ದ ಎರಡು ಎಲುಬುಗಳು ಕೋಟ್ಯಂತರ ವರ್ಷಗಳಲ್ಲಿ ಸಣ್ಣದಾಗಿ ಕಿವಿಗೆ ಸರಿದವು. ಕೆಳದವಡೆ ಒಂದೇ ಎಲುಬಿನದಾಯಿತು. ಹಳೆಯ ಪಳೆಯುಳಿಕೆ ಸಿಕ್ಕಾಗ ಅದು ಸಸ್ತನಿಯದೋ ಅಲ್ಲವೋ ಎಂದು ತಜ್ಞರು ತೀರ್ಮಾನಿಸಲು ನೋಡುವುದು ಇದನ್ನೇ, ಏಕೆಂದರೆ ಹಾಲು ಕಲ್ಲಾಗಿ ಉಳಿಯುವುದಿಲ್ಲ. ಈ ಮೂರೆಲುಬಿನ ಕಿವಿ ಎತ್ತರದ ಸ್ವರಗಳಿಗೆ ಬಲು ಸೂಕ್ಷ್ಮ. ನಮಗೆ 20,000 ಹರ್ಟ್ಸ್‌ವರೆಗೆ ಕೇಳಿದರೆ, ಪರೀಕ್ಷಿಸಿದ ದನಗಳಿಗೆ 35,000ದವರೆಗೆ ಕೇಳಿದೆ. ಎಲ್ಲಮ್ಮನಗುಡ್ಡದ ಜಾತ್ರೆಗೆ ಚಕ್ಕಡಿ ಕಟ್ಟಿ ಹೋಗುವ ಎತ್ತುಗಳ ಕಿವಿಯ ಹತ್ತಿರ ಈಗ ಡಿಜೆ ಪೆಟ್ಟಿಗೆ ಇಟ್ಟು ಮೆರೆಸುವವರು ಇದನ್ನು ಯೋಚಿಸಬೇಕು.

ಎಮ್ಮೆ ಕೆಸರಿನಲ್ಲಿ ಬೀಳುವುದೂ ಸೋಮಾರಿತನದಿಂದಲ್ಲ. ಆಕಳಿಗಿಂತ ಅದಕ್ಕೆ ಬೆವರುಗ್ರಂಥಿಗಳು ಬಹಳ ಕಡಿಮೆ, ಕೂದಲು ವಿರಳ, ಕಪ್ಪು ತೊಗಲು ಬಿಸಿಲನ್ನೆಲ್ಲ ಹೀರುತ್ತದೆ. ನಾಯಿ ತೇಕುತ್ತ ನಾಲಿಗೆ, ಬಾಯಿಯ ತೇವ ಆರಿಸಿ ತಣ್ಣಗಾಗುತ್ತದೆ, ಎತ್ತು ಬೆವರುತ್ತದೆ, ಎಮ್ಮೆಗೆ ನೀರೇ ಗತಿ. 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದ ಮನ್ನಣೆ ಪಡೆದ ನಮ್ಮ ಧಾರವಾಡಿ ಎಮ್ಮೆ ಈ ಒಣಸೀಮೆಗೆ ಒಗ್ಗಿದ್ದು ನಿಜ. ಆದರೂ ಸವದತ್ತಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ಕಟ್ಟಿದರೆ ಹಾಲು ಇಳಿಯುತ್ತದೆ, ಬೆದೆ ತಿಳಿಯದೆ ಹೋಗುತ್ತದೆ.

"ತತ್ತಿ ಇಡೂದು, ಚಿಪ್ಪಿರೂದು ಸಸ್ತನಿ ಅಲ್ಲ"

ಆಸ್ಟ್ರೇಲಿಯಾದ ಪ್ಲಾಟಿಪಸ್ ತತ್ತಿ ಇಟ್ಟು, ಮರಿಗೆ ಹಾಲೂಡುತ್ತದೆ. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಇದನ್ನು ಖಚಿತಪಡಿಸಿದಾಗ ವಿಜ್ಞಾನಲೋಕವೇ ಬೆರಗಾಯಿತು. ಮೊಲೆತೊಟ್ಟೂ ಅದಕ್ಕಿಲ್ಲ, ಹೊಟ್ಟೆಯ ತೊಗಲಿನಿಂದ ಒಸರುವ ಹಾಲನ್ನು ಮರಿ ನೆಕ್ಕುತ್ತದೆ. ನಮ್ಮ ಚಿಪ್ಪುಹಂದಿಯ ಚಿಪ್ಪು ಕೂದಲು, ಉಗುರುಗಳಂತೆ ಕೆರಾಟಿನ್‌ನಿಂದಲೇ ಆದದ್ದು. ಅದರಲ್ಲಿ ಔಷಧಿಯಿದೆ ಎಂದು ಕೊಳ್ಳುವವರು ನಮ್ಮದೇ ಉಗುರಿಗೆ ಹಣ ಕೊಟ್ಟಂತಾಯಿತು. ಅದನ್ನು ಬೇಟೆಯಾಡುವುದು ವನ್ಯಜೀವಿ ಕಾಯ್ದೆಯಲ್ಲಿ ಘೋರ ಅಪರಾಧ.

"ಬಾವಲಿ ತಿಂದ ಬಾಯಿಂದನ ಹೊರಗ ಹಾಕತೈತಿ, ಅದಕ್ಕ ಕಣ್ಣಿಲ್ಲ"

ತಲೆಕೆಳಗಾಗಿ ತೂಗುವ ಪ್ರಾಣಿ ಬಾಯಿಯಿಂದ ಏನನ್ನೋ ಉಗುಳುವುದನ್ನು ಕಂಡು ಹುಟ್ಟಿದ ಕಲ್ಪನೆ. ಹಣ್ಣು ತಿನ್ನುವ ಬಾವಲಿ ತಿರುಳನ್ನು ಅಂಗಳಕ್ಕೆ ಒತ್ತಿ ರಸ ನುಂಗುತ್ತದೆ, ನಾರನ್ನು ಉಂಡೆಮಾಡಿ ಉಗುಳುತ್ತದೆ. ಆಲದ ಮರದ ಬುಡದಲ್ಲಿ ಬಿದ್ದಿರುವುದು ಆ ನಾರು. ಮಲ ವಿಸರ್ಜಿಸುವಾಗ ಅದು ಮಗುಚಿ, ಹೆಬ್ಬೆರಳಿನ ಉಗುರಿನಿಂದ ಕೊಂಬೆ ಹಿಡಿದು ತಲೆ ಮೇಲಾಗಿಸುತ್ತದೆ. ಅದರ ಜೀರ್ಣಾಂಗದ ಎರಡು ತುದಿಗಳೂ ನಮ್ಮವು ಇದ್ದಲ್ಲೇ ಇವೆ.

ದೊಡ್ಡ ಬಾವಲಿಯ ಕಣ್ಣುಗಳು ಮಬ್ಬುಬೆಳಕಿನಲ್ಲಿ ನಮಗಿಂತ ಚೆನ್ನಾಗಿ ಕಾಣುತ್ತವೆ. ಶಬ್ದದ ಮರುದನಿ ಹಿಡಿದು ಹಾರುವವು ಮುಖ್ಯವಾಗಿ ಕೀಟ ತಿನ್ನುವ ಸಣ್ಣ ಬಾವಲಿಗಳು; ಅವೂ ಕುರುಡಲ್ಲ. ರೆಕ್ಕೆಯೆಂದರೆ ಐದು ಬೆರಳಿನ ಕೈ, ನಾಲ್ಕು ಬೆರಳು ಉದ್ದಕ್ಕೆ ಬೆಳೆದು ನಡುವೆ ತೊಗಲು ಹರಡಿದೆ. ಜಗತ್ತಿನ ಸಸ್ತನಿ ಪ್ರಭೇದಗಳಲ್ಲಿ ಸುಮಾರು ಐದನೇ ಒಂದು ಪಾಲು ಬಾವಲಿಗಳೇ.

ಕಿತ್ತೂರಿನ ನೆರೆಯ ಖಾನಾಪುರ ತಾಲೂಕಿನಲ್ಲಿ, ತಳೇವಾಡಿಯ ಹತ್ತಿರ ಬಾರಾಪೇಡೆ ಗುಹೆ ಇದೆ. ಅಲ್ಲಿ ವಾಸಿಸುವ ರಾಟನ್ ಮುಕ್ತಬಾಲದ ಬಾವಲಿಯನ್ನು ಆಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ವಿವರಿಸಿದರು. ಹಲವು ದಶಕ ಇಡೀ ಭೂಮಿಯಲ್ಲಿ ಅದರ ನೆಲೆಯೆಂದು ತಿಳಿದಿದ್ದುದು ಆ ಒಂದು ಗುಹೆ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡಿತು. ಬಾರಾಪೇಡೆ ಈಗ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದೊಳಗಿದೆ. ಊರ ಆಲದ ಮರದ ಬಾವಲಿಗೆ ಇಂಥ ಮಾನ ಸಿಕ್ಕಿದ್ದು ತಡವಾಗಿ. 1972ರ ಕಾಯ್ದೆ ಹಣ್ಣು ತಿನ್ನುವ ಬಾವಲಿಗಳನ್ನು ಪೀಡಕ ಪ್ರಾಣಿಗಳ ಪಟ್ಟಿಗೆ ಹಾಕಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆಯಲಾಯಿತು.

ಅಪಶಕುನವೆಂದು ಬಾವಲಿ ಮರಕ್ಕೆ ಹೊಗೆ ಹಾಕುವುದು, ಕೊಂಬೆ ಕಡಿಯುವುದು ಈಗಲೂ ನಡೆಯುತ್ತದೆ. ಹೆಣ್ಣು ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಎಳೆಮರಿ ತಾಯಿಯ ಎದೆಯ ತೊಟ್ಟಿಗೆ ಬಾಯಿ ಕಚ್ಚಿ, ಅದರ ಜೊತೆಗೇ ಹಾರುತ್ತದೆ. ಹೊಗೆಗೆ ಬೆದರಿ ಉದುರಿದ ಮರಿಗಳ ಜಾಗ ತುಂಬಲು ಆ ಗುಂಪಿಗೆ ವರ್ಷಗಳೇ ಬೇಕು. ನಿಪಾ ಸೋಂಕಿನ ಭಯ ಇರುವವರು ಮಾಡಬೇಕಾದದ್ದು ಬೇರೆ: ಕಚ್ಚಿದ ಗುರುತಿರುವ ಪೇರಲ, ಮಾವಿನ ಹಣ್ಣನ್ನು ತಿನ್ನದಿರುವುದು, ದನಕ್ಕೆ ಹಾಕದಿರುವುದು, ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟದಿರುವುದು.